ಯಾರೂ ನುಡಿಸದ ಪಿಯಾನೊ ಕೃತಿಗಳನ್ನು ಹುಡುಕುವುದು ಹೇಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಪಿಯಾನೊದವೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಪ್ರಶ್ನೆಯೇ ಹಾಗಿತ್ತು.

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿ ವಿದ್ಯಾನಗರದವಳು. ಪಿಯಾನೊ ಪರೀಕ್ಷೆಯ ಗ್ರೇಡ್ 5 ಮುಗಿಸಿ ಹತ್ತು ವರ್ಷ ಪಿಯಾನೊ ಬಿಟ್ಟಿದ್ದೆ, ಈಗ ಮತ್ತೆ ಕೂತಿದ್ದೇನೆ. ಎಲ್ಲಿ ನೋಡಿದರೂ ಅದೇ ‘ಫ್ಯೂರ್ ಎಲೀಸ್’, ಅದೇ ‘ಮೂನ್‌ಲೈಟ್’. ಅಪರೂಪದ ಕೃತಿಗಳು ಅಂತ ನೆಟ್‌ನಲ್ಲಿ ಹುಡುಕಿದರೆ ಬೆರಳು ಮುರಿಯುವಂಥವೇ ಬರುತ್ತವೆ. ನನ್ನ ಕೈಗೆ ಎಟುಕುವಂಥವು ಸಿಗುವುದೇ ಇಲ್ಲವೇ?

ಉತ್ತರ: ‘ಅಪರೂಪ’ ಅನ್ನೋ ಪದವನ್ನು ಮೊದಲು ಬಿಟ್ಟುಬಿಡಿ. ಆ ಪದ ಹಾಕಿದರೆ ಬರುವುದು ಸರ್ಕಸ್ಸೇ. ಸೊರಾಬ್ಜಿ ಅನ್ನೋ ಸಂಯೋಜಕರ ನಾಲ್ಕು ತಾಸಿನ ಕೃತಿ ಬರುತ್ತದೆ, ಅದನ್ನು ನೋಡಿ ನಾವು ಪಿಯಾನೊ ಮುಚ್ಚಿ ಚಹಾ ಇಡಲು ಏಳುತ್ತೇವೆ. ಒಂದು ಕೃತಿಯನ್ನು ಜನ ನುಡಿಸದೇ ಇರುವುದಕ್ಕೆ ಅದು ಕಷ್ಟ ಅನ್ನುವುದೇ ಕಾರಣ ಆಗಬೇಕಿಲ್ಲ. ಎಷ್ಟೋ ಸಲ ಕಾರಣ ಇಷ್ಟೇ: ಯಾರೂ ಅದನ್ನು ಪರೀಕ್ಷೆಯ ಪುಸ್ತಕಕ್ಕೆ ಹಾಕಲಿಲ್ಲ, ದೊಡ್ಡ ಕಲಾವಿದರು ಕಛೇರಿಯಲ್ಲಿ ನುಡಿಸಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಅಪ್ರಚಲಿತ ರಾಗಗಳಿಗೇ ಹೆಸರಾದವರು. ಬಿಹಾರಿ, ಖಟ್, ಏಕ ನಿಷಾದ ಬಿಹಾಗಡಾ ಅಂದರೆ ಧಾರವಾಡದ ಕೇಳುಗರ ಕಿವಿ ಇವತ್ತಿಗೂ ನಿಮಿರುತ್ತದೆ. ಆ ರಾಗಗಳು ಅವರಿಗೆ ಸುಮ್ನೆ ಸಿಗಲಿಲ್ಲ. ಅಲ್ಲಾದಿಯಾ ಖಾನರಿಂದ ಅವರ ಮಕ್ಕಳಾದ ಮಂಜಿಖಾನ್, ಬುರ್ಜಿಖಾನರಿಗೆ, ಅವರಿಂದ ಮನ್ಸೂರರಿಗೆ, ಹೀಗೆ ಘರಾಣೆಯ ದಾರಿಯಲ್ಲಿ ಬಂದವು. ಪಿಯಾನೊದಲ್ಲೂ ಅದೇ ದಾರಿ ಹಿಡಿಯಿರಿ. ನಿಮಗೆ ಈಗಾಗಲೇ ಇಷ್ಟವಾದ ಸಂಯೋಜಕರಿಂದ ಶುರು ಮಾಡಿ. ಅವರ ಗುರು ಯಾರು, ಗೆಳೆಯರು ಯಾರು, ಜೊತೆಗೆ ಕಲಿತವರು ಯಾರು, ಕೃತಿಯನ್ನು ಯಾರಿಗೆ ಅರ್ಪಿಸಿದರು ಅಂತ ನೋಡುತ್ತ ಹೋಗಿ.

ಶೂಮನ್ ಇಷ್ಟವೇ? ಅವರ ಬಳಗದಲ್ಲಿ ಥಿಯೊಡೋರ್ ಕಿರ್ಶ್ನರ್ (1823–1903) ಅಂತ ಒಬ್ಬರಿದ್ದರು. ಪುಟ್ಟ ಪುಟ್ಟ ಪಿಯಾನೊ ಕೃತಿಗಳನ್ನು ನೂರಾರು ಬರೆದಿದ್ದಾರೆ. ಡೆಬ್ಯುಸಿ ಇಷ್ಟವೇ? ಪ್ಯಾರಿಸ್ಸಿನ ಕನ್ಸರ್ವೇಟರಿಯಲ್ಲಿ ಅವರ ಜೊತೆಗೇ ಕಲಿತ ಮೆಲಾನಿ ಬೊನಿಸ್ (1858–1937) ಇದ್ದಾರೆ. ಹೆಂಗಸು ಬರೆದದ್ದು ಅಂತ ಗೊತ್ತಾದರೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಅಂತ ಹೆಸರನ್ನು ‘ಮೆಲ್’ ಅಂತ ಮೊಟಕು ಮಾಡಿಕೊಂಡರು. ಅವರ ‘ಮಕ್ಕಳ ದೃಶ್ಯಗಳು’, ಓಪಸ್ 92 (ಓಪಸ್ ಅಂದರೆ ಸಂಯೋಜಕರ ಕೃತಿಗಳ ಕ್ರಮಸಂಖ್ಯೆ), ನಿಮ್ಮ ಕೈಗೆ ಸಿಗುತ್ತದೆ. ಇನ್ನು ಶೊಪಾಂ ಇಷ್ಟ ಅಂದರೆ, ಪ್ಯಾರಿಸ್ಸಿನಲ್ಲಿ ಅವರ ನೆರೆಯಲ್ಲೇ ಇದ್ದ ಅಲ್ಕಾನ್ (1813–1888).

ಅಲ್ಕಾನ್ ಹೆಸರು ಕೇಳಿದರೆ ಪಿಯಾನೊ ಗೊತ್ತಿದ್ದವರು ಹೆದರುತ್ತಾರೆ. ಅವರ ದೊಡ್ಡ ಕೃತಿಗಳು ಹೆದರಿಸುವಂಥವೇ. ಆದರೆ ಓಪಸ್ 63 ತೆರೆದು ನೋಡಿ. 1861ರಲ್ಲಿ ಅಚ್ಚಾದ 48 ಸಣ್ಣ ರೇಖಾಚಿತ್ರಗಳು, ಎಲ್ಲ ಮೇಜರ್ ಮೈನರ್ ಕೀಗಳನ್ನೂ (ಇಲ್ಲಿ ಕೀ ಅಂದರೆ ಕೃತಿಗೆ ಆಧಾರವಾದ ಸ್ವರಶ್ರೇಣಿ) ಎರಡೆರಡು ಸಲ ಸುತ್ತಿ ಬರುತ್ತವೆ. ಕೊನೆಗೆ ಸಂಖ್ಯೆಯೇ ಇಲ್ಲದ ಒಂದು ಪ್ರಾರ್ಥನೆ. ಮೊದಲನೆಯದು, ‘ಲಾ ವಿಸಿಯೊಂ’, ನಿಧಾನ, ಹಾಡಿನಂಥದ್ದು. ಗ್ರೇಡ್ 5 ಕೈಗೆ ಸ್ವಲ್ಪ ಮೇಲೆ, ಆದರೆ ಒಂದು ತಿಂಗಳಲ್ಲಿ ಬರುತ್ತದೆ. 45ನೆಯದರ ಹೆಸರು ‘ಪುಟ್ಟ ದೆವ್ವಗಳು’. ಪಕ್ಕಪಕ್ಕದ ಸ್ವರಗಳನ್ನು ಗುಂಪಾಗಿ ಒಟ್ಟಿಗೆ ಒತ್ತಬೇಕು. ಮೊದಲ ಸಲ ನುಡಿಸಿದಾಗ ನನ್ನ ಕೈ ತಪ್ಪಿತು ಅಂತಲೇ ಅಂದುಕೊಂಡಿದ್ದೆ. ಅಚ್ಚಾದ ಪುಟ ಮತ್ತೆ ನೋಡಿದೆ. ಇಲ್ಲ, ಹಾಗೇ ಬರೆದಿದೆ.

ನೋಟೇಷನ್ ಎಲ್ಲಿ ಸಿಗುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2006ರಲ್ಲಿ ಒಬ್ಬ ಸಂಗೀತದ ವಿದ್ಯಾರ್ಥಿ ಶುರು ಮಾಡಿದ ಐಎಂಎಸ್‌ಎಲ್‌ಪಿ ಎಂಬ ತಾಣದಲ್ಲಿ ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಸ್ಕ್ಯಾನ್‌ಗಳು ಪುಕ್ಕಟೆ ಸಿಗುತ್ತವೆ. ಸಂಯೋಜಕರ ಹೆಸರಿನ ಪುಟಕ್ಕೆ ಹೋಗಿ, ‘ಪಿಯಾನೊಗೆ’ ಎಂಬ ವರ್ಗ ಆರಿಸಿದರೆ ಹಾಡು, ಆರ್ಕೆಸ್ಟ್ರಾ ಎಲ್ಲ ಬದಿಗೆ ಸರಿಯುತ್ತವೆ. ಇನ್ನೊಂದು ಗುಟ್ಟು: ಹಳೆಯ ಅಚ್ಚಿನ ಸ್ಕ್ಯಾನ್‌ಗಳಲ್ಲಿ ಕೊನೆಯ ಪುಟವನ್ನೂ ತಪ್ಪದೇ ನೋಡಿ. ಆ ಕಾಲದ ಪ್ರಕಾಶಕರು ಅಲ್ಲಿ ತಮ್ಮ ಬೇರೆ ಪುಸ್ತಕಗಳ ಜಾಹೀರಾತು ಹಾಕುತ್ತಿದ್ದರು. ಕೆಲವರು ಪ್ರತಿ ಕೃತಿಯ ಮೊದಲ ಎರಡು ಸಾಲು ಅಚ್ಚು ಹಾಕಿ, ಪಕ್ಕದಲ್ಲಿ ಸುಲಭ, ಮಧ್ಯಮ ಅಂತ ಬರೆಯುತ್ತಿದ್ದರು. ನನಗೆ ಸಿಕ್ಕ ಒಳ್ಳೆಯ ಹೆಸರುಗಳಲ್ಲಿ ಅರ್ಧದಷ್ಟು ಈ ಕೊನೆಯ ಪುಟಗಳಿಂದಲೇ ಬಂದವು.

ಪರೀಕ್ಷಾ ಮಂಡಳಿಗಳ ಸಿಲಬಸ್ ಕೂಡ ಒಳ್ಳೆಯ ಗಣಿ. ಅಚ್ಚಾದ ಪರೀಕ್ಷೆ ಪುಸ್ತಕ ಅಲ್ಲ, ಅದರ ಜೊತೆಗಿರುವ ಪರ್ಯಾಯ ಕೃತಿಗಳ ಪಟ್ಟಿ. ಗ್ರೇಡ್ ಪ್ರಕಾರ ಬೇರೆಯವರೇ ಜರಡಿ ಹಿಡಿದು ಇಟ್ಟಿರುತ್ತಾರೆ, ನಾವು ಯಾಕೆ ಬಿಡಬೇಕು?

ಸಿಕ್ಕಿದ್ದೆಲ್ಲ ಚಿನ್ನ ಅಲ್ಲ. ಕೆಲವು ಕೃತಿಗಳು ಮೂಲೆ ಸೇರಿದ್ದು ಸರಿಯಾಗಿಯೇ ಸೇರಿವೆ. ನಾನು ಭಾನುವಾರ ಬೆಳಗ್ಗೆ ಹತ್ತು ಕೃತಿಗಳ ಮೊದಲ ಪುಟ ಮಾತ್ರ ಅರ್ಧ ವೇಗದಲ್ಲಿ ನುಡಿಸುತ್ತೇನೆ. ಎರಡನೇ ಪುಟ ತಿರುವಬೇಕು ಅನ್ನಿಸಿದರೆ ಪೆನ್ಸಿಲ್ ಗುರುತು. ಹತ್ತರಲ್ಲಿ ಒಂದು ಉಳಿದರೆ ಆ ವಾರ ಹಬ್ಬ. ನಿಮ್ಮ ಜರಡಿಗೆ ಮೊದಲು ಹಾಕಲು ಇಷ್ಟು ತಗೊಳ್ಳಿ: ಸ್ಟೀಫನ್ ಹೆಲ್ಲರ್ ಅವರ ಓಪಸ್ 47, ಸೆಸಿಲ್ ಶಮಿನಾದ್ ಅವರ ಮಕ್ಕಳ ಆಲ್ಬಮ್ ಓಪಸ್ 123, ಸಾಮ್ಯುಯೆಲ್ ಮೈಕಪಾರ್ ಅವರ ‘ಬಿರ್ಯುಲ್ಕಿ’ ಓಪಸ್ 28. ಕೊನೆಯದರಲ್ಲಿ 26 ಪುಟಾಣಿಗಳಿವೆ, ನಿಮಗೆ ಸುಲಭವಾಗಬಹುದು. ಸುಲಭವಾದದ್ದನ್ನು ಚೆನ್ನಾಗಿ ನುಡಿಸುವುದು ಏನು ಕಡಿಮೆ ಕೆಲಸವೇ?

ಮೆಟ್ನರ್ ಹೆಸರು ಹೇಳದೇ ಮುಗಿಸಿದರೆ ಕನ್ನಡದವಳಾಗಿ ತಪ್ಪಾಗುತ್ತದೆ. ನಿಕೊಲಾಯ್ ಮೆಟ್ನರ್ ರಷ್ಯದವರು. ಕೊನೆಗಾಲದಲ್ಲಿ ಲಂಡನ್ನಿನಲ್ಲಿದ್ದರು, ಆರೋಗ್ಯವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. 1940ರ ದಶಕದ ಕೊನೆಯ ಮಾತು ಇದು. ಮಹಾರಾಜರು ಸ್ವತಃ ಪಿಯಾನೊ ಕಲಿತವರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚೆರ್ಟೊವನ್ನು (ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಅವರಿಗೇ ಅರ್ಪಿಸಿದರು. ಮೆಟ್ನರ್ ತಾವೇ ಕೂತು ನುಡಿಸಿದ ಆ ರೆಕಾರ್ಡುಗಳನ್ನು ಈಗ ನೆಟ್‌ನಲ್ಲಿ ಕೇಳಬಹುದು. ಅವರ ‘ಸ್ಕಾಜ್ಕಿ’, ಅಂದರೆ ಕಥೆಗಳು, ಸದ್ಯಕ್ಕೆ ನಿಮಗೆ ಭಾರ. ಆದರೆ ಎಳೆಯರಿಗೆಂದೇ ಬರೆದ ಓಪಸ್ 54 ಇದೆ. ಅದರಲ್ಲಿ ಒಂದು ಹಕ್ಕಿಯ ಕಥೆ, ಒಂದು ಭಿಕ್ಷುಕನ ಕಥೆ. ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ಅಕ್ಕೋರೆ, ನಮ್ಮದು ಗದಗ. ಮಗನಿಗೆ 61 ಕೀಗಳ ಕೀಬೋರ್ಡ್ ಕೊಡಿಸಿದ್ದೇನೆ. ಹೊಸ ಕೃತಿ ಯಾವುದು ತೆಗೆದರೂ ಕೀ ಸಾಲುವುದಿಲ್ಲ ಅಂತಾನೆ. 88 ಕೀಗಳದ್ದು ಈಗಲೇ ತರಬೇಕೇ?

ಉತ್ತರ: ಈಗಲೇ ಬೇಡ. ಮೊಜಾರ್ಟ್ ಕಾಲದ ಪಿಯಾನೊದಲ್ಲೂ ಇದ್ದದ್ದು 61 ಕೀಗಳೇ, ಐದು ಆಕ್ಟೇವ್, ಅಂದರೆ ಐದು ಸಪ್ತಕ. ಒಂದೇ ವ್ಯತ್ಯಾಸ, ಅವು ‘ಎಫ್’ನಿಂದ ಶುರುವಾಗುತ್ತಿದ್ದವು, ನಿಮ್ಮ ಕೀಬೋರ್ಡ್ ‘ಸಿ’ಯಿಂದ ಶುರು. ಹಾಗಾಗಿ ಎಡಗೈಯಲ್ಲಿ ಅಲ್ಲೊಂದು ಇಲ್ಲೊಂದು ಸ್ವರವನ್ನು ಒಂದು ಆಕ್ಟೇವ್ ಮೇಲೆ ತರಬೇಕಾಗಬಹುದು. ಮಗ 19ನೇ ಶತಮಾನದ ಕೃತಿಗಳನ್ನು ಹುಡುಕುತ್ತಿದ್ದಾನೆ ಅಂತ ಕಾಣುತ್ತದೆ. ಒಂದು ಶತಮಾನ ಹಿಂದಕ್ಕೆ ಕಳಿಸಿ. ಇಟಲಿಯ ಚಿಮರೋಸಾ (1749–1801) ಬರೆದ ಪುಟ್ಟ ಸೊನಾಟಾಗಳಿವೆ, ಕೆಲವು ಒಂದೆರಡು ಪುಟದಲ್ಲೇ ಮುಗಿಯುತ್ತವೆ. ಪೋರ್ಚುಗಲ್‌ನ ಕಾರ್ಲೋಸ್ ಸೆಯ್ಶಾಸ್, ಸ್ಪೇನಿನ ಸೊಲೇರ್ ಕೂಡ ಇದ್ದಾರೆ. ಪೆಡಲ್ ಕಾಟ ಇಲ್ಲ. ಬೆರಳು ಚುರುಕಾಗುತ್ತವೆ. ಕೀಗಳಿಗೆ ಪಿಯಾನೊದಂಥ ಭಾರ ಇಲ್ಲದ ಕೀಬೋರ್ಡಾದರೆ ಎರಡು ವರ್ಷದ ಒಳಗೆ ಬದಲಿಸಬೇಕಾಗುತ್ತದೆ, ಅದು ಬೇರೆ ಮಾತು.

ಪ್ರಶ್ನೆ: ರಾಣೆಬೆನ್ನೂರಿನಿಂದ ಬರೆಯುತ್ತಿದ್ದೇನೆ ಮೇಡಂ. ಯಾರೂ ನುಡಿಸದ ಕೃತಿಗಳನ್ನೇ ಆರಿಸಿ ಯೂಟ್ಯೂಬಿಗೆ ಹಾಕುತ್ತೇನೆ. ನೋಡಿದವರು ನಲವತ್ತು ಜನ, ಅದರಲ್ಲಿ ಹತ್ತು ಸಲ ನಮ್ಮ ಅವ್ವನೇ. ಗೊತ್ತಿಲ್ಲದ ಕೃತಿ ಅಂತ ಜನ ಬರುವುದಿಲ್ಲವೇ?

ಉತ್ತರ: ನಿಮ್ಮ ವಿಡಿಯೊ ನೋಡಿದೆ. ನುಡಿಸಿದ್ದು ಚೆನ್ನಾಗಿದೆ. ಆದರೆ ಹೆಸರು ಏನು ಕೊಟ್ಟಿದ್ದೀರಿ? ‘ಸುಂದರ ಪಿಯಾನೊ ಸಂಗೀತ 7’. ಈ ಹೆಸರಿನಲ್ಲಿ ಅದನ್ನು ಹುಡುಕುವವರು ಯಾರು?

ಮೆಹಫಿಲ್‌ನಲ್ಲಿ ಅಪ್ರಚಲಿತ ರಾಗ ಎತ್ತಿಕೊಳ್ಳುವ ಮೊದಲು ಗಾಯಕರು ಅದರ ಹೆಸರು ಹೇಳುತ್ತಾರೆ. ಯಾವ ರಾಗಕ್ಕೆ ಹತ್ತಿರ ಅಂತ ಒಂದು ಮಾತು ಸೇರಿಸುತ್ತಾರೆ. ಕೇಳುವವರಿಗೆ ಕೈ ಹಿಡಿಯಲು ಒಂದು ಕಂಬ ಸಿಗುತ್ತದೆ. ನೀವೂ ಅಷ್ಟು ಮಾಡಿ. ಸಂಯೋಜಕರ ಪೂರ್ತಿ ಹೆಸರು, ಕೃತಿಯ ಹೆಸರು, ಓಪಸ್, ಸಂಖ್ಯೆ, ಕೀ. ಇಷ್ಟು ಶೀರ್ಷಿಕೆಯಲ್ಲೇ ಇರಲಿ. ವಿವರಣೆಯಲ್ಲಿ ಹುಟ್ಟಿದ, ತೀರಿಕೊಂಡ ವರ್ಷ, ನೋಟೇಷನ್ ಸಿಗುವ ಜಾಗ, ಕಷ್ಟ ಎಷ್ಟು. ಆಮೇಲೆ ಕನ್ನಡದಲ್ಲಿ ನಿಮ್ಮದೇ ಎರಡು ಸಾಲು: ಇದು ನಿಮಗೆ ಯಾಕೆ ಹಿಡಿಸಿತು, ಎಲ್ಲಿ ಕೈ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆ ಅದನ್ನು ನುಡಿಸಲು ಹೊರಟವರಿಗೆ ಈ ಕೊನೆಯದೇ ಬೇಕಾಗಿರುವುದು.

ಹೆಸರಿನ ಕಾಗುಣಿತ ಇನ್ನೊಂದು ತಲೆನೋವು. ರಷ್ಯದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಎರಡು ಮೂರು ರೂಪಗಳನ್ನೂ ವಿವರಣೆಯಲ್ಲಿ ಹಾಕಿ. ರಷ್ಯನ್ ಲಿಪಿಯ ಹೆಸರನ್ನು ಕಾಪಿ ಮಾಡಿ ಅಂಟಿಸಿ. ನೀವು ಹುಡುಕುವಾಗಲೂ ಇದೇ ಉಪಾಯ. ರಷ್ಯನ್ ಲಿಪಿಯಲ್ಲಿ ಮೈಕಪಾರ್ ಹುಡುಕಿ ನೋಡಿ, ಅಲ್ಲಿನ ಸಂಗೀತ ಶಾಲೆಗಳ ಪುಟ್ಟ ಮಕ್ಕಳು ಸಾಲುಗಟ್ಟಿ ನುಡಿಸುತ್ತಿರುತ್ತಾರೆ. ನಮಗೆ ಅಪರಿಚಿತವಾದದ್ದು ಅಲ್ಲಿ ಮನೆಮಾತು.

ಕೇಳಿದ ಕಥೆಗಳನ್ನೆಲ್ಲ ವಿವರಣೆಗೆ ತುಂಬಬೇಡಿ. ಅಲ್ಕಾನ್ ವಿಡಿಯೊದಲ್ಲಿ ‘ಪುಸ್ತಕದ ಕಪಾಟು ಮೈಮೇಲೆ ಬಿದ್ದು ಸತ್ತರು’ ಅಂತ ಬರೆದಿದ್ದೀರಿ. ಚೆಂದದ ಕಥೆ, ಆದರೆ ನಿಜ ಅಲ್ಲ ಅಂತ ಸಂಶೋಧಕರು ಬಹಳ ಹಿಂದೆಯೇ ತೋರಿಸಿದ್ದಾರೆ. ತೆಗೆದುಬಿಡಿ.

ರೆಕಾರ್ಡಿಂಗ್ ಬಗ್ಗೆ ಒಂದೇ ಮಾತು. ಫೋನನ್ನು ಪಿಯಾನೊ ಮೇಲೆ ಇಡಬೇಡಿ, ಐದಾರು ಅಡಿ ದೂರ ಇಡಿ. ಗದ್ದಲ ಕಡಿಮೆ ಮಾಡುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ, ಅದು ಮೆಲ್ಲಗೆ ನುಡಿಸಿದ ಸ್ವರಗಳನ್ನೂ ಗದ್ದಲ ಅಂದುಕೊಂಡು ನುಂಗುತ್ತದೆ. ಫ್ಯಾನ್ ಆರಿಸಿ. ನನ್ನ ಒಂದು ರೆಕಾರ್ಡಿಂಗಿನಲ್ಲಿ ಕೊನೆಯ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಎದುರುಮನೆಯ ಕುಕ್ಕರ್ ಸೀಟಿ ಹೊಡೆದಿದೆ, ಅದೂ ಸರಿಯಾದ ಶ್ರುತಿಯಲ್ಲಿ. ಅಳಿಸಲು ಮನಸ್ಸಾಗಲಿಲ್ಲ.

ಮತ್ತೆ ನಲವತ್ತು ಜನ ಅಂತ ಬೇಜಾರು ಯಾಕ್ರೀ? ಒಂದು ಕೃತಿಗೆ ನೆಟ್‌ನಲ್ಲಿ ಇರುವುದು ನಿಮ್ಮದೊಂದೇ ರೆಕಾರ್ಡಿಂಗ್ ಆಗಿದ್ದರೆ, ಅದನ್ನು ಹುಡುಕುವವರೆಲ್ಲ ನಿಮ್ಮ ಮನೆಗೇ ಬರಬೇಕು. ‘ಮೂನ್‌ಲೈಟ್’ ನುಡಿಸಿದರೆ ಆ ಸಂತೆಯಲ್ಲಿ ನೀವು ಯಾರಿಗೆ ಕಾಣುತ್ತೀರಿ?

ಪ್ರಶ್ನೆ: ಧಾರವಾಡದಿಂದ. ನನ್ನ ಮನೆಯ ಪಿಯಾನೊದಲ್ಲಿ ನಾನೇ ನುಡಿಸಿ ಯೂಟ್ಯೂಬಿಗೆ ಹಾಕಿದ ಶೊಪಾಂ ವಿಡಿಯೊಗೆ ಕಾಪಿರೈಟ್ ಕ್ಲೇಮ್ ಬಂದಿದೆ. ಶೊಪಾಂ ತೀರಿಕೊಂಡಿದ್ದು 1849ರಲ್ಲಿ ಅಲ್ವಾ? ಯಾವ ಕೃತಿ ಹಾಕಬಹುದು, ಯಾವುದು ಹಾಕಬಾರದು?

ಉತ್ತರ: ನನಗೂ ಒಂದು ಸಲ ಬಂದಿತ್ತು, ಹೆದರಬೇಡಿ. ಹೊಂದಾಣಿಕೆ ನೋಡುವುದು ಯಂತ್ರ. ನಿಮ್ಮ ಸ್ವರಗಳು ಯಾವುದೋ ಕಂಪನಿಯ ರೆಕಾರ್ಡಿಂಗ್ ಥರ ಕೇಳಿಸಿದವು ಅಂತ ಗುರುತು ಹಾಕಿದೆ. ಇದನ್ನು ಹೊಗಳಿಕೆ ಅಂತಲೂ ತಿಳಿಯಬಹುದು! ಕ್ಲೇಮ್ ಅಂದರೆ ಸ್ಟ್ರೈಕ್ ಅಲ್ಲ, ಅಂದರೆ ಚಾನೆಲ್ ಮೇಲೆ ಬೀಳುವ ದಂಡದ ಗುರುತಲ್ಲ. ಡಿಸ್ಪ್ಯೂಟ್ ಒತ್ತಿ, ಕೃತಿ ಸಾರ್ವಜನಿಕ ಸ್ವತ್ತು, ನುಡಿಸಿದ್ದು ನಾನೇ ಅಂತ ಬರೆಯಿರಿ. ಉತ್ತರ ಕೊಡಲು ಕ್ಲೇಮ್ ಹಾಕಿದವರಿಗೆ 30 ದಿನ ಇರುತ್ತದೆ.

ನಮ್ಮ ಕಾಯ್ದೆಯ ಲೆಕ್ಕ ಸುಲಭ. ಸಂಯೋಜಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಮೆಟ್ನರ್ ಹೋದದ್ದು 1951ರಲ್ಲಿ, ಹಾಗಾಗಿ 2012ರಿಂದ ಇಲ್ಲಿ ಬಿಡುಗಡೆ. ಪ್ರೊಕೊಫಿಯೆವ್ 1953, ಅಂದರೆ 2014ರಿಂದ. ಪರೀಕ್ಷೆ ಪುಸ್ತಕಗಳಲ್ಲಿ ಪದೇ ಪದೇ ಬರುವ ಕಬಲೆವ್‌ಸ್ಕಿ ತೀರಿಕೊಂಡಿದ್ದು 1987ರಲ್ಲಿ, ಅವರ ಕೃತಿಗಳ ಹಕ್ಕು 2047ರ ಕೊನೆಯವರೆಗೆ ಇರುತ್ತದೆ. ಯುರೋಪಿನಲ್ಲಿ 60ರ ಬದಲು 70 ವರ್ಷ. ಅಮೆರಿಕದಲ್ಲಿ ಹಳೆಯ ಕೃತಿಗಳಿಗೆ ಅಚ್ಚಾದ ವರ್ಷದಿಂದ 95 ವರ್ಷ. ಅದಕ್ಕೇ ಐಎಂಎಸ್‌ಎಲ್‌ಪಿಯಲ್ಲಿ ಕೆಲವು ಫೈಲ್‌ಗಳ ಪಕ್ಕದಲ್ಲಿ ಯಾವ ದೇಶದಲ್ಲಿ ಹಕ್ಕು ಇನ್ನೂ ಇದೆ ಅಂತ ಸೂಚನೆ ಇರುತ್ತದೆ, ಓದಿಕೊಳ್ಳಿ.

ಅಂಗಡಿಯಲ್ಲಿ ಕೊಂಡ ಹೊಸ ಆವೃತ್ತಿಯನ್ನು ಸ್ಕ್ಯಾನ್ ಮಾಡಿ ಹಂಚುವುದು ಮಾತ್ರ ಬೇಡ. ಶೊಪಾಂ ಸ್ವರಗಳಿಗೆ ಹಕ್ಕಿಲ್ಲ, ಆದರೆ ಸಂಪಾದಕರು ಹೊಸದಾಗಿ ಸೇರಿಸಿದ ಕೆಲಸಕ್ಕೆ ಹಕ್ಕು ಇರಬಹುದು. ಹಳೆಯ ಸ್ಕ್ಯಾನ್ ಮಸುಕಾಗಿದ್ದರೆ ಮ್ಯೂಸ್‌ಸ್ಕೋರ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ನೀವೇ ಟೈಪ್ ಮಾಡಿ. ನಾಲ್ಕು ಪುಟದ ಕೃತಿಗೆ ನನಗೆ ಮೂರು ಸಂಜೆ ಹಿಡಿಯುತ್ತದೆ. ಮಾಡಿದ್ದನ್ನು ಐಎಂಎಸ್‌ಎಲ್‌ಪಿಗೇ ಹಾಕಿದರೆ ಅವರು ಸ್ವೀಕರಿಸುತ್ತಾರೆ. ಮಳೆಗಾಲದಲ್ಲಿ ಇದನ್ನೇ ಮಾಡುತ್ತೇನೆ. ಜುಲೈ ತಿಂಗಳಲ್ಲಿ ನನ್ನ ಹಳೆಯ ಪಿಯಾನೊದ ಕೀಗಳು ತೇವಕ್ಕೆ ಉಬ್ಬಿ, ಒತ್ತಿದರೆ ಮೇಲೆ ಏಳುವುದಿಲ್ಲ.