ಉದ್ಯೋಗ ಪ್ರಶ್ನೋತ್ತರ: 371ಜೆ, ಅಪ್ರೆಂಟಿಸ್‌ಶಿಪ್, ಕೈಗೆ ಬರುವ ಸಂಬಳ

ಪ್ರಶ್ನೆ: ಬಿ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಹುಟ್ಟಿದ್ದು ತಾಯಿಯ ತವರು ದಾವಣಗೆರೆಯಲ್ಲಿ, ಓದಿದ್ದೆಲ್ಲ ಇಲ್ಲೇ. ನನಗೆ 371ಜೆ ಸಿಗುತ್ತದೆಯೇ? ಅಧಿಸೂಚನೆ ಬಂದ ಮೇಲೆ ಪ್ರಮಾಣಪತ್ರ ಮಾಡಿಸಿದರೆ ಸಾಕೇ?
– ವಿದ್ಯಾರ್ಥಿನಿ, ಗಂಗಾವತಿ

ಉತ್ತರ: 371ಜೆ ಎಂದರೆ ಕಲ್ಯಾಣ ಕರ್ನಾಟಕ ಭಾಗದ ಸ್ಥಳೀಯರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ ವಿಧಿ. ದಾವಣಗೆರೆ ಈ ಭಾಗಕ್ಕೆ ಸೇರದಿದ್ದರೂ, ಹೆರಿಗೆ ತವರಿನಲ್ಲಿ ಆಯಿತೆಂಬ ಕಾರಣಕ್ಕೆ ಹಕ್ಕು ತಪ್ಪುವುದಿಲ್ಲ. ಈ ಭಾಗದಲ್ಲಿ ಹುಟ್ಟಿದವರ ಜೊತೆಗೆ, 2013ರ ಜನವರಿ 1ಕ್ಕೆ ಮೊದಲೇ ಹತ್ತು ವರ್ಷ ಇಲ್ಲಿ ನೆಲೆಸಿದ್ದವರು ಮತ್ತು ಅಂಥವರ ಮಕ್ಕಳೂ ಸ್ಥಳೀಯರೇ. ನಿಮ್ಮ ವಯಸ್ಸಿಗೆ ಆ ಹತ್ತು ವರ್ಷದ ಲೆಕ್ಕ ಕೂಡುವುದಿಲ್ಲ. ಹಾಗಾಗಿ ತಂದೆಯ ದಾಖಲೆಗಳನ್ನೇ ಮುಂದಿಡಿ: ಅವರ ಶಾಲಾ ದಾಖಲೆ, ಪಹಣಿ ಇದ್ದರೆ ಪಹಣಿ, ಹಳೆಯ ಪಡಿತರ ಚೀಟಿ. ಜೊತೆಗೆ ನಿಮ್ಮ ವ್ಯಾಸಂಗ ಪ್ರಮಾಣಪತ್ರ, ಆಧಾರ್ ಇರಲಿ.

ಅಧಿಸೂಚನೆಗಾಗಿ ಕಾಯಬೇಡಿ, ಈ ವಾರವೇ ನಾಡಕಚೇರಿಗೆ ಹೋಗಿ. ಅರ್ಜಿ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರರನ್ನು ದಾಟಿ ಕೊಪ್ಪಳದ ಉಪವಿಭಾಗಾಧಿಕಾರಿಯವರ ಸಹಿಗೆ ಹೋಗಬೇಕು. ನಡುವೆ ಒಬ್ಬರು ರಜೆ ಹಾಕಿದರೂ ವಾರಗಳು ಕಳೆಯುತ್ತವೆ. ಅರ್ಜಿಯ ಕೊನೆಯ ದಿನ ಮುಗಿದ ಮೇಲೆ ಪಡೆದ ಪ್ರಮಾಣಪತ್ರವನ್ನು ದಾಖಲೆ ಪರಿಶೀಲನೆಯಲ್ಲಿ ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರೂ ಇಲ್ಲೇ ಹೊರಬೀಳುತ್ತಾರೆ. ಅದು ನೋಡಲಾಗದ ನಷ್ಟ.

ಈ ಒಂದು ಕಾಗದದ ಬೆಲೆ ಏನೆಂದರೆ, ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ (ಈ ಭಾಗದ ಕಚೇರಿಗಳ ಹುದ್ದೆಗಳಲ್ಲಿ) ಎ ಮತ್ತು ಬಿ ಗುಂಪಿನ ಶೇ 75, ಸಿ ಗುಂಪಿನ ಶೇ 80, ಡಿ ಗುಂಪಿನ ಶೇ 85 ಹುದ್ದೆಗಳು ಸ್ಥಳೀಯರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲೂ ಶೇ 8 ಇದೆ. ಆನ್‌ಲೈನ್ ಅರ್ಜಿಯಲ್ಲಿ 371ಜೆ ಕೋರುತ್ತೀರಾ ಎಂಬ ಕಾಲಂಗೆ ‘ಹೌದು’ ಎಂದು ಗುರುತು ಮಾಡದಿದ್ದರೆ ಕೈಯಲ್ಲಿ ಪ್ರಮಾಣಪತ್ರ ಇದ್ದೂ ಪ್ರಯೋಜನವಿಲ್ಲ. ಇಂಟರ್‌ನೆಟ್ ಸೆಂಟರ್‌ನವರು ಅರ್ಜಿ ತುಂಬುವಾಗ ಪಕ್ಕದಲ್ಲೇ ಕುಳಿತು ಆ ಕಾಲಂ ನೀವೇ ನೋಡಿ.

ಅದೇ ಓಡಾಟದಲ್ಲಿ ಇನ್ನೆರಡು ಮಾಡಿಸಿ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5, ಗ್ರಾಮೀಣ ಶಾಲೆಗಳಲ್ಲಿ ಓದಿದ್ದರೆ ಶೇ 25 ಮೀಸಲಾತಿ ಇದೆ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಹಿಂದುಳಿದ ವರ್ಗಗಳ 2ಎ, 2ಬಿ, 3ಎ, 3ಬಿಯವರ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಪಿಯುಸಿಯಲ್ಲಿ ಮಾಡಿಸಿದ್ದು ಈಗ ಮುಗಿಯುತ್ತ ಬಂದಿರಬಹುದು, ತೆಗೆದು ನೋಡಿ.

ಪ್ರಶ್ನೆ: ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದ್ದೇನೆ. ಪರಿಚಯದ ಕಾಂಟ್ರ್ಯಾಕ್ಟರ್ ಒಬ್ಬರು 40,000 ರೂಪಾಯಿ ಕೊಟ್ಟರೆ ದೊಡ್ಡ ಕಾರ್ಖಾನೆಯಲ್ಲಿ ಗೇಟ್ ಪಾಸ್ ಮಾಡಿಸುವುದಾಗಿ, ಆರು ತಿಂಗಳಿಗೆ ಪರ್ಮನೆಂಟ್ ಆಗುವುದಾಗಿ ಹೇಳುತ್ತಾರೆ. ಕೊಡಬಹುದೇ?
– ಓದುಗ, ಸಂಡೂರು

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಗುತ್ತಿಗೆದಾರನ ಕೆಲಸಗಾರನನ್ನು ಕಾರ್ಖಾನೆಯಲ್ಲಿ ಕಾಯಂ ಮಾಡುವ ಅಧಿಕಾರ ಗುತ್ತಿಗೆದಾರನಿಗೆ ಇಲ್ಲವೇ ಇಲ್ಲ. ಗೇಟ್ ಪಾಸ್ ಎಂದರೆ ಒಳಗೆ ಹೋಗಲು ಪರವಾನಗಿ ಅಷ್ಟೆ. ಅದು ನೇಮಕಾತಿ ಆದೇಶವಲ್ಲ.

ನಿಮಗೆ ಸರಿಯಾದ ದಾರಿ ಅಪ್ರೆಂಟಿಸ್‌ಶಿಪ್, ಅಂದರೆ ಕಾರ್ಖಾನೆಯಲ್ಲೇ ಕೆಲಸ ಕಲಿಯುವ ತರಬೇತಿ. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವಿದೆ. ಉಕ್ಕು, ಗಣಿ, ಉಷ್ಣ ವಿದ್ಯುತ್ ಮೂರೂ ಇರುವ ನಮ್ಮ ಸೀಮೆಯಲ್ಲಿ ಮೆಕ್ಯಾನಿಕಲ್‌ನವರಿಗೆ ಇದು ದೊಡ್ಡ ಅವಕಾಶ. ಡಿಪ್ಲೊಮಾ ಮತ್ತು ಪದವೀಧರರು ‘ನ್ಯಾಟ್ಸ್’ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ, ಐಟಿಐನವರು ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಂಕಪಟ್ಟಿ, ಆಧಾರ್, ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಸಾಕು, ಶುಲ್ಕವಿಲ್ಲ. ನಿಮ್ಮಂಥವರಿಗೆ ತರಬೇತಿ ಒಂದು ವರ್ಷ, ತಿಂಗಳಿಗೆ ಸ್ಟೈಪೆಂಡ್ ಇರುತ್ತದೆ. ಕಾಯಂ ಕೆಲಸದ ಖಾತರಿ ಇಲ್ಲ ಎಂಬುದು ತಿಳಿದಿರಲಿ. ಆದರೆ ತರಬೇತಿ ಮುಗಿಸಿದ ಪ್ರಮಾಣಪತ್ರ ದೇಶದ ಯಾವ ಕಾರ್ಖಾನೆಯಲ್ಲೂ ನಡೆಯುತ್ತದೆ.

ಬಹಳ ಮಂದಿಗೆ ಗೊತ್ತಿಲ್ಲದ್ದೊಂದಿದೆ. ಒಂದು ವರ್ಷ ಅಥವಾ ಹೆಚ್ಚಿನ ಕೆಲಸದ ಅನುಭವ ಇದ್ದವರಿಗೆ ನ್ಯಾಟ್ಸ್ ಸಿಗುವುದಿಲ್ಲ. ಮೊದಲು ಗುತ್ತಿಗೆ ಕೆಲಸ ಮಾಡಿ ಆಮೇಲೆ ಅಪ್ರೆಂಟಿಸ್ ಆಗುತ್ತೇನೆ ಎಂದರೆ ಆ ಬಾಗಿಲು ಮುಚ್ಚಿರುತ್ತದೆ. ಕ್ರಮ ಉಲ್ಟಾ ಆಗದಿರಲಿ.

ಈಗಾಗಲೇ ಯಾರಾದರೂ ಆನ್‌ಲೈನ್‌ನಲ್ಲಿ ಹಣ ಹಾಕಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಪ್ರಶ್ನೆ: ಬಿ.ಕಾಂ. ಮುಗಿದಿದೆ, ಟ್ಯಾಲಿ ಕಲಿತಿದ್ದೇನೆ. ರೈಸ್‌ಮಿಲ್‌ಗಳಲ್ಲಿ ಲೆಕ್ಕದ ಕೆಲಸ ಕೇಳಿದರೆ ‘ಅನುಭವ ಇದೆಯಾ’ ಎನ್ನುತ್ತಾರೆ.
– ಓದುಗ, ಸಿಂಧನೂರು

ಉತ್ತರ: ‘ಟ್ಯಾಲಿ ಬರುತ್ತದೆ’ ಎಂದರೆ ಮಾಲೀಕರಿಗೆ ಏನೂ ತಿಳಿಯುವುದಿಲ್ಲ. ರೆಸ್ಯೂಮೆಯಲ್ಲಿ ‘ಖರೀದಿ-ಮಾರಾಟದ ವೋಚರ್, ಬ್ಯಾಂಕ್ ತಾಳೆ, ಇ-ವೇ ಬಿಲ್ (ಸರಕು ಸಾಗಣೆಯ ಬಿಲ್) ಮಾಡಬಲ್ಲೆ’ ಎಂದು ಕೆಲಸದ ಹೆಸರನ್ನೇ ಬರೆಯಿರಿ. ಪ್ರತಿ ತಿಂಗಳ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಮಾರಾಟದ ವಿವರದ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ ಎಂಬುದು ಬಾಯಲ್ಲಿರಲಿ. ಮಿಲ್‌ನ ವ್ಯವಹಾರವೂ ತಿಳಿದಿರಬೇಕು: 25 ಕೆಜಿವರೆಗಿನ ಲೇಬಲ್ ಇರುವ ಪ್ಯಾಕ್ ಅಕ್ಕಿಗೆ ಶೇ 5 ಜಿಎಸ್‌ಟಿ, ಅದಕ್ಕಿಂತ ದೊಡ್ಡ ಚೀಲಕ್ಕಿಲ್ಲ. 26 ಕೆಜಿ ಚೀಲ ಮಾರುಕಟ್ಟೆಗೆ ಬಂದದ್ದೇ ಇದರಿಂದ. ಇದನ್ನು ವಿವರಿಸಬಲ್ಲ ಹೊಸಬನನ್ನು ಮಾಲೀಕರು ಕೂರಿಸಿ ಮಾತಾಡಿಸುತ್ತಾರೆ. ಮೊದಲ ಮೂರು ತಿಂಗಳು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕಡಿಮೆ ಸಂಬಳಕ್ಕಾದರೂ ಕುಳಿತರೆ, ಒಂದೇ ಕಡೆ ಹತ್ತಾರು ಅಂಗಡಿಗಳ ಲೆಕ್ಕ ಕೈಗೆ ಬರುತ್ತದೆ.

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದು ವರ್ಷಕ್ಕೆ 2.4 ಲಕ್ಷ ಸಿಟಿಸಿ ಎಂದಿದೆ. ತಿಂಗಳಿಗೆ 20,000 ಬರುತ್ತದಲ್ಲವೇ?
– ಓದುಗರು, ರಾಯಚೂರು

ಉತ್ತರ: ಬರುವುದಿಲ್ಲ. ಸಿಟಿಸಿ ಎಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ. ಕಂಪನಿ ನಿಮಗಾಗಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಗ್ರಾಚ್ಯುಟಿ (ಸೇವೆ ಮುಗಿದಾಗ ಸಿಗುವ ಉಪಧನ) ಎಲ್ಲವೂ ಸಿಟಿಸಿಯಲ್ಲಿ ಸೇರಿರುತ್ತವೆ. ಮೂಲವೇತನ 10,000 ಎಂದಿಟ್ಟುಕೊಂಡರೆ ಕಂಪನಿಯ ಪಾಲಿನ ಪಿಎಫ್ 1,200, ಗ್ರಾಚ್ಯುಟಿ ಸುಮಾರು 480, ಇಎಸ್‌ಐ ಸುಮಾರು 575 ಕಳೆದು ಉಳಿಯುವುದು ಹತ್ತಿರ ಹತ್ತಿರ 17,740. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,200, ಇಎಸ್‌ಐ 133 ಹೋಗಿ ಕೈಗೆ ಸಿಗುವುದು ಸುಮಾರು 16,400. ಪಿ.ಜಿ. ಬಾಡಿಗೆ, ಊಟ, ಬಸ್ಸಿನ ಖರ್ಚನ್ನು ಈ ಮೊತ್ತದ ಎದುರಿಗೆ ಬರೆದು ನೋಡಿ.

ಸೇರುವ ಮೊದಲು ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ತಾಳೆ ಮಾಡಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ಣ ಮನೆತನದ ಹೆಸರು ಇದ್ದರೆ ಪಿಎಫ್ ಖಾತೆಯಲ್ಲಿ ತೊಡಕಾಗುತ್ತದೆ. ಮೂಲ ಅಂಕಪಟ್ಟಿಗಳನ್ನು ‘ಠೇವಣಿ’ಯಾಗಿ ಕೇಳಿದರೆ ಒಪ್ಪಬೇಡಿ, ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲ ಪ್ರತಿಗಳನ್ನು ಅಲ್ಲೇ ವಾಪಸ್ ಪಡೆಯಿರಿ.