ಮೊದಲು ಕೈ, ಆಮೇಲೆ ಸೂಜಿ

ಮುಲುಂಡಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರಾಂಶ ಇದು: "ಬೀದಿಯಿಂದ ಎತ್ತಿ ತಂದು ಸಾಕಿದ ನಮ್ಮ ನಾಯಿ ಗುಂಡನಿಗೆ ಮಳೆಗಾಲದಲ್ಲಿ ಜ್ವರ ಬಂತು. ಹತ್ತಿರದ ಡಾಕ್ಟರು ಎರಡು ಇಂಜೆಕ್ಷನ್ ಚುಚ್ಚಿ ಕಳಿಸಿದರು. ಇಳಿದ ಜ್ವರ ವಾರದಲ್ಲೇ ಮತ್ತೆ ಬಂತು. ಬೇರೆಯವರ ಹತ್ತಿರ ಹೋದೆ. ಹಿಂದೆ ಏನು ಕೊಟ್ಟಿದ್ದರು ಎಂದು ಕೇಳಿದರು. ನನಗೆ ಗೊತ್ತಿಲ್ಲ, ಚೀಟಿಯೂ ಇಲ್ಲ. ಇವರು ಗುಂಡನ ಬಾಯಿಗೆ ಪಟ್ಟಿ ಕಟ್ಟಿದರು, ಒಮ್ಮೆಯೂ ತಲೆ ಸವರಲಿಲ್ಲ. ಮೈಯೆಲ್ಲಾ ಒತ್ತಿ ನೋಡಿ ರಕ್ತ ಪರೀಕ್ಷೆಗೆ ಬರೆದರು. ಸುಲಿಗೆ ಅನಿಸಿತು. ನಾಯಿಯನ್ನು ಪ್ರೀತಿಯಿಂದ ನೋಡುವ ಡಾಕ್ಟರು ಈ ಮುಂಬೈಯಲ್ಲಿ ಇಲ್ಲವೇ? ಪರೇಲಿನ ಪ್ರಾಣಿ ಆಸ್ಪತ್ರೆಗೇ ಹೋಗಬೇಕೇ?"

ಅಮ್ಮಾ, ನಮಸ್ಕಾರ. ನಿಮ್ಮ ಪತ್ರ ಓದಿದರೆ, ನೀವು ಹುಡುಕುತ್ತಿರುವ ಡಾಕ್ಟರು ಸಿಕ್ಕಿಬಿಟ್ಟಿದ್ದಾರೆ ಅಂತಲೇ ನನಗೆ ಅನಿಸುತ್ತದೆ. ಆ ಎರಡನೆಯವರು.

ತಲೆ ಸವರಲಿಲ್ಲ ಎಂದು ನಿಮಗೆ ಬೇಜಾರು. ಸವರಿದ್ದರೆ ಚೆನ್ನಾಗಿತ್ತು, ನಿಜ. ಆದರೆ ಮುದ್ದು ಮಾಡಲು ಮನೆಯಲ್ಲಿ ನೀವಿದ್ದೀರಿ. ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚಬಹುದು. ಬಾಯಿಗೆ ಪಟ್ಟಿ ಕಟ್ಟಿ ಬೇಗ ಕೆಲಸ ಮುಗಿಸುವುದು ನಾಲ್ಕು ಜನ ಅದುಮಿ ಹಿಡಿಯುವುದಕ್ಕಿಂತ ಎಷ್ಟೋ ಮೇಲು. ಕಟ್ಟುವಾಗ ಕೈ ಒರಟಾಗಿತ್ತೇ, ನಾಯಿಗೆ ಬೈದರೇ, ಅದನ್ನು ನೋಡಿ. ಇಲ್ಲ ಅಂದರೆ ಅವರ ಮೇಲೆ ಸಿಟ್ಟು ಬೇಡ.

ನಾನಾದರೆ ಡಾಕ್ಟರ ಕೈ ನೋಡುತ್ತೇನೆ. ಒಳ್ಳೆಯವರು ಸೂಜಿಗೆ ಕೈ ಹಾಕುವ ಮೊದಲು ನಾಯಿಯನ್ನು ತೂಕ ಮಾಡುತ್ತಾರೆ, ಯಾಕೆಂದರೆ ಔಷಧಿಯ ಪ್ರಮಾಣ ನಿಂತಿರುವುದೇ ತೂಕದ ಮೇಲೆ. ಬಾಲ ಎತ್ತಿ ಥರ್ಮಾಮೀಟರ್ ಇಡುತ್ತಾರೆ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ, ಮುಟ್ಟಿ ನೋಡಿ ಜ್ವರ ಹೇಳಲಾಗದು. ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಲ್ಲಿ ಒತ್ತಿ ಬಿಡುತ್ತಾರೆ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ದವಡೆಯ ಕೆಳಗೆ, ಮೊಣಕಾಲಿನ ಹಿಂದೆ ಗಂಟು ಊದಿದೆಯೇ ಎಂದು ತಡಕುತ್ತಾರೆ. ಕಿವಿ ಮಡಚಿ, ಬೆರಳ ಸಂದಿ ಬಿಡಿಸಿ ಉಣ್ಣೆ, ಅಂದರೆ ರಕ್ತ ಹೀರುವ ಹುಳು, ಹುಡುಕುತ್ತಾರೆ. ಇಷ್ಟಕ್ಕೆ ಐದು ನಿಮಿಷ ಸಾಕು. ಮೇಜಿನ ಆಚೆ ಕೂತೇ ಸಿರಿಂಜ್ ತುಂಬಿಸುವವರಿಗೆ ಆ ಐದು ನಿಮಿಷವೂ ಇರುವುದಿಲ್ಲ.

ರಕ್ತ ಪರೀಕ್ಷೆ ಸುಲಿಗೆಯಲ್ಲ. ಮಳೆಗಾಲದ ಜ್ವರ, ಮೈಮೇಲೆ ಉಣ್ಣೆ, ಇಳಿದು ಮತ್ತೆ ಏರುವುದು ಅಂದರೆ ಉಣ್ಣೆ ಜ್ವರದ ಅನುಮಾನ ಬಂದೇ ಬರುತ್ತದೆ. ಅದನ್ನು ತರುವ ರೋಗಾಣುಗಳಲ್ಲೂ ಎರ್ಲಿಕಿಯಾ ಬೇರೆ, ಬೆಬೇಸಿಯಾ ಬೇರೆ. ಎರಡಕ್ಕೂ ಔಷಧಿ ಬೇರೆ ಬೇರೆ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಕಣಗಳನ್ನು ಎಣಿಸುತ್ತಾರೆ. ಎರ್ಲಿಕಿಯಾ ಎಂದಾದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆ, ಸುಮಾರು ನಾಲ್ಕು ವಾರ. ಎರಡು ದಿನದಲ್ಲಿ ನಾಯಿ ಬಾಲ ಆಡಿಸಿತು ಎಂದು ನಾವೇ ನಿಲ್ಲಿಸಿಬಿಡುತ್ತೇವೆ, ಆಮೇಲೆ ಡಾಕ್ಟರ ಕೈಗುಣ ಸರಿಯಿಲ್ಲ ಅನ್ನುತ್ತೇವೆ! ಇನ್ನೊಂದು ಮಾತು. ಮನೆಯಲ್ಲಿರುವ ಕಾಂಬಿಫ್ಲಾಮ್, ಬ್ರುಫೆನ್ ಗುಂಡನಿಗೆ ಅರ್ಧ ಮಾತ್ರೆಯೂ ಬೇಡ. ಅವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ.

ಮೊದಲನೆಯವರು ಕೊಟ್ಟ ಇಂಜೆಕ್ಷನ್ ತಪ್ಪು ಎಂದು ಇಲ್ಲಿ ಕೂತು ನಾನು ಹೇಳಲಾರೆ. ಬರೆದು ಕೊಡಲಿಲ್ಲವಲ್ಲ, ಅದು ತಪ್ಪು. ಔಷಧಿಯ ಹೆಸರು, ಎಷ್ಟು ಎಂ.ಎಲ್., ಯಾವ ದಿನ, ಇಷ್ಟು ಚೀಟಿಯಲ್ಲಿ ಇರಲೇಬೇಕು. ಕೊಟ್ಟದ್ದು ಸ್ಟೆರಾಯ್ಡ್ ಆಗಿದ್ದರೆ ಎರಡನೆಯವರು ತಿಳಿಯದೆ ನೋವಿನ ಔಷಧಿ ಕೊಟ್ಟು ಕರುಳಿಗೆ ಪೆಟ್ಟಾಗಬಹುದು. ಡಾಕ್ಟರು ಪಟಪಟ ಇಂಗ್ಲಿಷ್ ಮಾತಾಡಿದರೆ ಸಂಕೋಚ ಬೇಡ. "ಜರಾ ಲಿಹೂನ್ ದ್ಯಾ", ಸ್ವಲ್ಪ ಬರೆದುಕೊಡಿ, ಅನ್ನಿ. ಇಷ್ಟು ವರ್ಷ ಮುಂಬೈಯಲ್ಲಿದ್ದು ಅಷ್ಟು ಮರಾಠಿ ಬರುತ್ತೆ, ಅಲ್ವಾ? ಲಸಿಕೆ ಕಾರ್ಡಿನ ವಿಷಯವೂ ಹಾಗೆಯೇ. ಬಾಟಲಿಯ ಸ್ಟಿಕ್ಕರ್ ಅಂಟಿಸಿ ಸಹಿ ಮಾಡಬೇಕು. ಆ ಬಾಟಲಿ ಫ್ರಿಜ್ಜಿನಿಂದ ಹೊರಬಂತೇ ಅಥವಾ ಡ್ರಾಯರಿನಿಂದಲೇ ಎಂಬುದನ್ನು ಸುಮ್ನೆ ಗಮನಿಸಿ. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡದ ಲಸಿಕೆಯನ್ನು ನೆಚ್ಚುವಂತಿಲ್ಲ.

ಗೋಡೆಯ ಮೇಲಿನ ಪದವಿಯನ್ನೂ ಓದಿ. ಬಿ.ವಿ.ಎಸ್ಸಿ. ಅಂದರೆ ಪಶುವೈದ್ಯ ಪದವಿ, ಐದೂವರೆ ವರ್ಷದ ಓದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ವೈದ್ಯರು ನೋಂದಣಿ ಮಾಡಿಸಿರಬೇಕು. ನಂಬರ್ ಕೇಳಿದರೆ ಅವಮಾನವೇನಲ್ಲ. ಪೆಟ್ ಶಾಪಿನ ಹುಡುಗ ಗಲ್ಲಾದ ಹಿಂದೆ ಲಸಿಕೆ ಚುಚ್ಚುವುದು ಉಂಟು, ಅಲ್ಲಿಗೆ ಹೋಗಬೇಡಿ.

ಯಾರನ್ನು ಕೇಳಬೇಕು ಅಂತೀರಾ? ನಿಮ್ಮ ಗಲ್ಲಿಯಲ್ಲಿ ಬೆಳಿಗ್ಗೆ ಬೀದಿ ನಾಯಿಗಳಿಗೆ ಅನ್ನ ಹಾಕುವ ಹೆಂಗಸರನ್ನು ಕೇಳಿ. ರಾತ್ರಿ ಯಾರು ಫೋನ್ ಎತ್ತುತ್ತಾರೆ, ಯಾರು ಬಿಲ್ ಮೊದಲೇ ಹೇಳುತ್ತಾರೆ, ಅವರಿಗೆ ಬಾಯಿಪಾಠ. ಇಂಟರ್ನೆಟ್ಟಿನಲ್ಲಿ ಜನ ಕೊಟ್ಟ ನಕ್ಷತ್ರ ಎಣಿಸಿ ಡಾಕ್ಟರನ್ನು ಆರಿಸುವುದಕ್ಕಿಂತ ಇದು ಮೇಲು.

ಇನ್ನು ಪರೇಲ್. ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ 1880ರ ದಶಕದಷ್ಟು ಹಳೆಯದು. ಊರೆಲ್ಲಾ ಬೈಲ್‌ಘೋಡಾ ಆಸ್ಪತ್ರೆ, ಅಂದರೆ ಎತ್ತು-ಕುದುರೆ ಆಸ್ಪತ್ರೆ, ಅನ್ನುತ್ತದೆ. 1886ರ ಪಶುವೈದ್ಯ ಕಾಲೇಜು ಕೂಡ ಅಲ್ಲೇ ಪರೇಲಿನಲ್ಲಿದೆ. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್‌ಗಳ ಸಾಕುಪ್ರಾಣಿಗಳ ದೊಡ್ಡ ಆಸ್ಪತ್ರೆ ಶುರುವಾಗಿದೆ. ದೊಡ್ಡ ಶಸ್ತ್ರಚಿಕಿತ್ಸೆ, ಒಳರೋಗಿಯಾಗಿ ಇಡುವುದು, ಇಂಥದಕ್ಕೆ ಇವು ಬೇಕು. ಆದರೆ ನಿಮ್ಮ ಮುಲುಂಡಿನ ರಿಕ್ಷಾ ದಾರಿಯ ನಡುವಿನ ಸಾಯನ್ ದಾಟಿ ಮುಂದೆ ಹೋಗುವಂತಿಲ್ಲ. ಸುರಿಯುವ ಮಳೆಯಲ್ಲಿ, ನಡುರಾತ್ರಿ, ನಾಯಿ ಹತ್ತಿಸಿಕೊಳ್ಳುವ ಟ್ಯಾಕ್ಸಿ ಹುಡುಕುವುದು ನಿಮ್ಮೊಬ್ಬರಿಂದ ಆಗುವ ಮಾತಲ್ಲ. ಹಾಗಾಗಿ ಹತ್ತು ನಿಮಿಷದ ದೂರದಲ್ಲಿ ಒಬ್ಬ ಖಾಯಂ ಡಾಕ್ಟರು ಇರಲಿ. "ಇದು ನನ್ನ ಕೈಯಲ್ಲಿಲ್ಲ, ಪರೇಲಿಗೆ ಒಯ್ಯಿರಿ" ಎಂದು ಸಮಯಕ್ಕೆ ಸರಿಯಾಗಿ ಹೇಳುವವರಾದರೆ ಇನ್ನೂ ಒಳ್ಳೆಯದು.

ಸದ್ಯಕ್ಕೆ ರಕ್ತ ಪರೀಕ್ಷೆ ಮಾಡಿಸಿಬಿಡಿ. ಅದೇ ದಿನ ಮೊದಲಿನ ಕ್ಲಿನಿಕ್ಕಿಗೂ ಹೋಗಿ, ಆ ಎರಡು ಇಂಜೆಕ್ಷನ್‌ಗಳ ಹೆಸರು ಬರೆಸಿಕೊಂಡು ಬನ್ನಿ. ಕೊಟ್ಟರೆ ಚೀಟಿಯನ್ನು ರಿಪೋರ್ಟಿನ ಜೊತೆ ಎರಡನೆಯವರ ಮುಂದಿಡಿ. ಗದರಿದರೆ ಆ ಮೆಟ್ಟಿಲು ಮತ್ತೆ ಹತ್ತುವುದೇ ಬೇಡ.