ಜಿಗಿಯುವ ಡಿಎನ್‌ಎ ಮತ್ತು ಜಿಂಕ್ ಫಿಂಗರ್: ಇದು ಬರೀ ಕಳ್ಳ-ಪೊಲೀಸ್ ಆಟವಾ?

ನೀವು ಕೇಳಿದ್ದು ಇದು: ನಮ್ಮ ಜೀನೋಮಿನ (ಅಂದರೆ ಕೋಶದಲ್ಲಿರುವ ಇಡೀ ಡಿಎನ್‌ಎಯ) ಹೆಚ್ಚುಕಮ್ಮಿ ಅರ್ಧ ಭಾಗ ಜಿಗಿಯುವ ಡಿಎನ್‌ಎ ತುಣುಕುಗಳಿಂದ ಬಂದದ್ದಂತೆ, ಅವನ್ನು ಅದುಮಿಡೋಕೆ ಜಿಂಕ್ ಫಿಂಗರ್ ಪ್ರೋಟೀನ್‌ಗಳಿವೆಯಂತೆ. ನೋಡಿದರೆ ಕಳ್ಳ-ಪೊಲೀಸ್ ಆಟದ ಹಾಗಿದೆ. ಇದಕ್ಕೂ ಜೀನ್‌ಗಳ ನಿಯಂತ್ರಣಕ್ಕೂ ಏನು ಸಂಬಂಧ? ಔಷಧಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ?

ನಾನು ಜೀನೋಮ್ ಡೇಟಾ ವಿಶ್ಲೇಷಣೆಯ ಕೆಲಸದಲ್ಲಿದ್ದೇನೆ, ಹಾಗಾಗಿ ಈ ತುಣುಕುಗಳ ಜೊತೆ ದಿನಾ ಒಡನಾಟ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಳ್ಳ-ಪೊಲೀಸ್ ಕಥೆ ಸುಳ್ಳಲ್ಲ. ಆದರೆ ಈ ಪ್ರೋಟೀನ್‌ಗಳು ಯಾಕೆ ಹುಟ್ಟಿದವು ಅನ್ನುವುದಕ್ಕೆ ಮಾತ್ರ ಅದು ಉತ್ತರ. ಕಳ್ಳ ಸತ್ತು ಕೋಟ್ಯಂತರ ವರ್ಷ ಆದ ಮೇಲೂ ಪೊಲೀಸ್ ಯಾಕೆ ಅಲ್ಲೇ ನಿಂತಿದ್ದಾನೆ? ಅದಕ್ಕೆ ಆ ಕಥೆಯಲ್ಲಿ ಉತ್ತರ ಸಿಗುವುದಿಲ್ಲ. ಜೀನ್ ನಿಯಂತ್ರಣದ ವಿಷಯ ಶುರುವಾಗುವುದೇ ಅಲ್ಲಿಂದ.

ಮೊದಲು ಈ ತುಣುಕುಗಳ ಪರಿಚಯ. ಬಾರ್ಬರಾ ಮೆಕ್‌ಕ್ಲಿಂಟಾಕ್ 1940ರ ದಶಕದಲ್ಲಿ ಜೋಳದ ಕಾಳಿನ ಬಣ್ಣ ನೋಡುತ್ತಾ ಇವನ್ನು ಕಂಡುಹಿಡಿದರು. ಅವರು ಇವನ್ನು ಕರೆದದ್ದು 'ನಿಯಂತ್ರಿಸುವ ಅಂಶಗಳು' ಅಂತ. ಅಂದರೆ ಜಿಗಿತಕ್ಕಿಂತ ನಿಯಂತ್ರಣವೇ ಅವರಿಗೆ ಮುಖ್ಯವಾಗಿತ್ತು. 1983ರಲ್ಲಿ ನೊಬೆಲ್ ಬಂತು. ಈ ನಡುವೆ ಉಳಿದವರು ಇವನ್ನು ಕಸ ಎಂದೂ ಸ್ವಾರ್ಥಿ ಡಿಎನ್‌ಎ ಎಂದೂ ಕರೆದು ಪಕ್ಕಕ್ಕಿಟ್ಟಿದ್ದರು. 2001ರಲ್ಲಿ ಮಾನವ ಜೀನೋಮಿನ ಕರಡು ಪ್ರಕಟವಾದಾಗ ಅದರ ಸುಮಾರು 45% ಇವುಗಳಿಂದಲೇ ಬಂದದ್ದು ಅಂತ ಗೊತ್ತಾಯಿತು. ಪ್ರೋಟೀನ್ ತಯಾರಿಸುವ ಭಾಗ 2%ಕ್ಕಿಂತ ಕಡಿಮೆ.

ಈ 45%ದಲ್ಲಿ ಹಲವು ಜಾತಿಗಳಿವೆ. ಲೈನ್-1 ಎಂಬುದರ ಸುಮಾರು 5 ಲಕ್ಷ ಪ್ರತಿಗಳಿವೆ. ಅಲು ಎಂಬ 300 ಅಕ್ಷರದ ಪುಟ್ಟ ತುಣುಕಿನ ಪ್ರತಿಗಳು 10 ಲಕ್ಷಕ್ಕೂ ಜಾಸ್ತಿ. ಹಳೆಯ ಕಾಲದಲ್ಲಿ ಪೂರ್ವಜರ ವೀರ್ಯ ಅಥವಾ ಅಂಡಕೋಶಕ್ಕೆ ಹೊಕ್ಕು ಅಲ್ಲೇ ಉಳಿದ ರೆಟ್ರೋವೈರಸ್‌ಗಳ ಪಳೆಯುಳಿಕೆ ಸುಮಾರು 8%. ಇವೆಲ್ಲ ಆರ್‌ಎನ್‌ಎ ಮಾಡಿಕೊಂಡು, ಅದರಿಂದ ಮತ್ತೆ ಡಿಎನ್‌ಎ ಮಾಡಿಸಿ, ಬೇರೆ ಕಡೆ ಸೇರಿಕೊಳ್ಳುವಂಥವು. ಈಗ ಬಹುಪಾಲು ಸತ್ತಿವೆ. ಲೈನ್-1ರ 5 ಲಕ್ಷದಲ್ಲಿ ಒಬ್ಬ ಮನುಷ್ಯನಲ್ಲಿ ಜಿಗಿಯುವ ಶಕ್ತಿ ಉಳಿದಿರುವುದು ನೂರರ ಆಸುಪಾಸಿನಲ್ಲಿ ಮಾತ್ರ. ಆದರೂ ಸುಮ್ನೆ ಇಲ್ಲ. 1988ರಲ್ಲಿ ಹಿಮೋಫೀಲಿಯಾ-ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದ್ದ ಇಬ್ಬರು ರೋಗಿಗಳಲ್ಲಿ ಲೈನ್-1 ಹೊಸದಾಗಿ ಫ್ಯಾಕ್ಟರ್-8 ಜೀನಿನೊಳಗೆ ಸೇರಿಕೊಂಡದ್ದು ಪತ್ತೆಯಾಗಿತ್ತು.

ಈಗ ಬರುವುದು ಇಡೀ ವಿಷಯದ ಗಂಟು. ಸ್ವಲ್ಪ ನಿಧಾನವಾಗಿ ಓದಿ.

ಒಂದು ತುಣುಕು ಪ್ರತಿ ಮಾಡಿಕೊಳ್ಳಬೇಕಾದರೆ ಮೊದಲು ಅದರ ಆರ್‌ಎನ್‌ಎ ತಯಾರಾಗಬೇಕು. ಆ ಕೆಲಸ ಮಾಡುವುದು ನಮ್ಮ ಜೀವಕೋಶದ ಯಂತ್ರವೇ. ಆ ಯಂತ್ರವನ್ನು ಕರೆಯಲು ತುಣುಕಿನೊಳಗೆ ಪ್ರೊಮೋಟರ್ (ಆರ್‌ಎನ್‌ಎ ತಯಾರಿ ಶುರುಮಾಡಿಸುವ ಭಾಗ) ಬೇಕು, ನಮ್ಮ ನಿಯಂತ್ರಕ ಪ್ರೋಟೀನ್‌ಗಳು ಬಂದು ಕೂರುವ ಜಾಗ ಬೇಕು. ಅಂದರೆ ಪ್ರತಿ ತುಣುಕೂ ತನ್ನದೇ ಸ್ವಿಚ್ಚನ್ನು ಜೊತೆಗೆ ಹೊತ್ತುಕೊಂಡೇ ಓಡಾಡುತ್ತದೆ. ಅದು ಎಲ್ಲಿ ಹೋಗಿ ಕೂರುತ್ತದೋ ಅಲ್ಲಿನ ಜೀನಿಗೆ ಆ ಸ್ವಿಚ್ಚಿನ ಪ್ರಭಾವ ತಟ್ಟಬಹುದು. ಇನ್ನೊಂದು ವಿಷಯ ಏನೆಂದರೆ, ಚರ್ಮದ ಕೋಶದಲ್ಲಿ ಜಿಗಿದರೆ ಅದು ಮಕ್ಕಳಿಗೆ ಹೋಗುವುದಿಲ್ಲ. ವೀರ್ಯ, ಅಂಡ, ಇಲ್ಲವೇ ಎಳೆಯ ಭ್ರೂಣದಲ್ಲಿ ಜಿಗಿದರೆ ಮಾತ್ರ ಮುಂದಿನ ಪೀಳಿಗೆ ಸಿಗುತ್ತದೆ. ಹಾಗಾಗಿ ಗೆದ್ದು ಉಳಿದ ತುಣುಕುಗಳ ಸ್ವಿಚ್ಚು ಭ್ರೂಣದ ಕೋಶಗಳಲ್ಲಿ ಚೆನ್ನಾಗಿ ಕೆಲಸ ಮಾಡುವಂಥದ್ದು. ತೊಂದರೆ ಏನೆಂದರೆ, ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳು (ಡಿಎನ್‌ಎಯನ್ನು ಮುಚ್ಚಿಡಲು ನೆರವಾಗುವ ಪುಟ್ಟ ರಾಸಾಯನಿಕ ಅಂಟುಗಳು) ಹೆಚ್ಚಿನಂಶ ಅಳಿಸಿಹೋಗುವುದೂ ಅದೇ ಎಳೆಯ ಭ್ರೂಣದಲ್ಲಿ. ಮಾಮೂಲಿ ಬೀಗ ಇಲ್ಲದ ಹೊತ್ತಿನಲ್ಲೇ ಅಪಾಯ ಜಾಸ್ತಿ. ಅಲ್ಲಿ ಕಾವಲಿಗೆ ಬೇರೆ ವ್ಯವಸ್ಥೆ ಬೇಕೇ ಬೇಕು.

ಆ ವ್ಯವಸ್ಥೆಯೇ ನೀವು ಓದಿದ ಜಿಂಕ್ ಫಿಂಗರ್. ಸುಮಾರು 30 ಅಮೈನೋ ಆಮ್ಲಗಳ ಒಂದು ಪುಟ್ಟ ಮಡಿಕೆ ಅದು. ಎರಡು ಸಿಸ್ಟೀನ್, ಎರಡು ಹಿಸ್ಟಿಡೀನ್ ಸೇರಿ ಸತುವಿನ ಒಂದು ಅಯಾನನ್ನು ಹಿಡಿದುಕೊಂಡಿರುತ್ತವೆ. ಇಂಥ ಮಡಿಕೆಯನ್ನು 1985ರಲ್ಲಿ ಆರನ್ ಕ್ಲುಗ್ ಅವರ ತಂಡ ಕಪ್ಪೆಯ ಒಂದು ಪ್ರೋಟೀನಿನಲ್ಲಿ ಮೊದಲು ಗುರುತಿಸಿತು. ಒಂದು ಫಿಂಗರ್ ಡಿಎನ್‌ಎಯ ಸುಮಾರು 3 ಅಕ್ಷರ ಓದುತ್ತದೆ. ಸಾಲಾಗಿ 12 ಫಿಂಗರ್ ಇದ್ದರೆ ಲೆಕ್ಕದ ಪ್ರಕಾರ 36 ಅಕ್ಷರ. ನಿಜದಲ್ಲಿ ಎಲ್ಲ ಫಿಂಗರೂ ಒಟ್ಟಿಗೆ ಕೂರುವುದಿಲ್ಲ, ಆದರೂ ಒಂದು ಜಾತಿಯ ತುಣುಕನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸಲು ಅಷ್ಟು ಧಾರಾಳ ಸಾಕು.

ಎಲ್ಲ ಜಿಂಕ್ ಫಿಂಗರ್‌ಗಳೂ ಈ ಕೆಲಸ ಮಾಡುವುದಿಲ್ಲ. ಇಲ್ಲಿ ಮುಖ್ಯವಾದವು ಕ್ರ್ಯಾಬ್ ಎಂಬ ಭಾಗವನ್ನೂ ಹೊತ್ತಿರುವಂಥವು. ಮನುಷ್ಯರಲ್ಲಿ ಇಂಥ ಜೀನ್‌ಗಳು 350ಕ್ಕೂ ಜಾಸ್ತಿ ಇವೆ, ಬಹಳಷ್ಟು 19ನೇ ಕ್ರೋಮೋಸೋಮಿನಲ್ಲಿ ಗುಂಪುಗುಂಪಾಗಿ ಕೂತಿವೆ. ಪಕ್ಕಪಕ್ಕದಲ್ಲಿದ್ದರೆ ಒಂದು ಜೀನ್ ಎರಡಾಗುವುದು ಸುಲಭ. ಹಾಗೆ ಸಿಕ್ಕಿದ ಹೆಚ್ಚುವರಿ ಪ್ರತಿಯ ಫಿಂಗರ್‌ಗಳು ಬದಲಾಗಿ ಹೊಸ ಗುರಿ ಹಿಡಿಯಬಹುದು. ಕ್ರ್ಯಾಬ್ ತಾನೇ ಏನನ್ನೂ ಮುಚ್ಚುವುದಿಲ್ಲ. ಅದು ಕ್ಯಾಪ್-1 ಎಂಬ ಪ್ರೋಟೀನನ್ನು ಕರೆಯುತ್ತದೆ. ಟ್ರಿಮ್28 ಅಂದರೂ ಅದೇ. ಕ್ಯಾಪ್-1 ಬಂದು ಸೆಟ್‌ಡಿಬಿ1 ಎಂಬ ಕಿಣ್ವವನ್ನು ಕರೆಯುತ್ತದೆ. ಆ ಕಿಣ್ವ ಹಿಸ್ಟೋನ್-3 ಎಂಬ, ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಿನ 9ನೇ ಸ್ಥಾನದ ಲೈಸೀನ್ ಮೇಲೆ ಮೂರು ಮೀಥೈಲ್ ಅಂಟಿಸುತ್ತದೆ. ಆ ಜಾಗದ ಡಿಎನ್‌ಎ ಬಿಗಿಯಾಗಿ ಮಡಚಿಕೊಳ್ಳುತ್ತದೆ. ಆಮೇಲೆ ಡಿಎನ್‌ಎ ಮೇಲೂ ಮೀಥೈಲ್ ಬಂದು ಕೂರುತ್ತದೆ, ಬೀಗ ಖಾಯಂ ಆಗುತ್ತದೆ.

ಇದಕ್ಕೆ ನನಗೆ ತುಂಬ ಇಷ್ಟವಾದ ಪ್ರಯೋಗ 2014ರದ್ದು, ಸಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದದ್ದು. ಮನುಷ್ಯರ 11ನೇ ಕ್ರೋಮೋಸೋಮನ್ನು ಹೊತ್ತ ಇಲಿಯ ಭ್ರೂಣ ಕಾಂಡಕೋಶಗಳನ್ನು ತೆಗೆದುಕೊಂಡರು. ವಾನರ ವಂಶದಲ್ಲಿ ಮಾತ್ರ ಇರುವ ತುಣುಕುಗಳು ಆ ಕ್ರೋಮೋಸೋಮಿನಲ್ಲಿ ಎಚ್ಚರಗೊಂಡವು. ಯಾಕೆಂದರೆ ಇಲಿಯ ಕೋಶಕ್ಕೆ ಅವುಗಳ ಗುರುತೇ ಇಲ್ಲ, ಸರಿಯಾದ ಜಿಂಕ್ ಫಿಂಗರ್ ಅಲ್ಲಿಲ್ಲ. ಆಮೇಲೆ ಮನುಷ್ಯರ ಪ್ರೋಟೀನ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಜೆಡ್‌ಎನ್‌ಎಫ್91 ಹಾಕಿದರೆ ಎಸ್‌ವಿಎ ಎಂಬ ಜಾತಿ ಮಲಗಿತು. ಜೆಡ್‌ಎನ್‌ಎಫ್93 ಹಾಕಿದರೆ ಲೈನ್-1ರ ಕೆಲವು ಹಳೆಯ ಪಂಗಡಗಳು ಮಲಗಿದವು. ಹೊಸ ಪಂಗಡಗಳು ಮಾತ್ರ ಬಗ್ಗಲಿಲ್ಲ. ಯಾಕೆ ಅಂತ ಹುಡುಕಿದರೆ, ಈ ಪ್ರೋಟೀನ್ ಬಂದು ಕೂರುತ್ತಿದ್ದ 129 ಅಕ್ಷರಗಳ ಭಾಗವನ್ನೇ ಅವು ಸುಮಾರು 1.25 ಕೋಟಿ ವರ್ಷ ಹಿಂದೆ ಕಳೆದುಕೊಂಡಿದ್ದವು! ಇದಕ್ಕಿಂತ ಸ್ಪಷ್ಟವಾದ ಕಳ್ಳ-ಪೊಲೀಸ್ ಪುರಾವೆ ಬೇಕಾ?

ಹಾಗಾದರೆ ಕಥೆ ಮುಗಿಯಿತಲ್ವಾ? ಇಲ್ಲ.

ಮೊದಲನೆಯದು, ಬೀಗ ಹಾಕಿದ್ದು ತುಣುಕಿನ ಗಡಿಯಲ್ಲೇ ನಿಲ್ಲುವುದಿಲ್ಲ. ಹಿಸ್ಟೋನ್ ಗುರುತು ಅಕ್ಕಪಕ್ಕಕ್ಕೂ ಹರಡುತ್ತದೆ. ಪಕ್ಕದಲ್ಲಿ ಜೀನ್ ಇದ್ದರೆ ಅದರ ದನಿಯೂ ತಗ್ಗುತ್ತದೆ. ಬೀಗ ಸಡಿಲವಾದರೆ ಉಲ್ಟಾ. ಇಲಿಗಳಲ್ಲಿ ಇದಕ್ಕೊಂದು ಹಳೆಯ ಉದಾಹರಣೆ ಇದೆ. ಅಗೌಟಿ ಎಂಬ ಕೂದಲ ಬಣ್ಣದ ಜೀನಿನ ಮುಂದೆ ಐಎಪಿ ಎಂಬ ರೆಟ್ರೋವೈರಸ್ ಜಾತಿಯ ತುಣುಕು ಬಂದು ಕೂತ ತಳಿಯೊಂದಿದೆ. ತುಣುಕಿನ ಮೇಲೆ ಮೀಥೈಲ್ ಚೆನ್ನಾಗಿ ಕೂತಿದ್ದರೆ ಇಲಿ ಕಂದು ಬಣ್ಣ, ತೆಳ್ಳಗೆ. ಮೀಥೈಲ್ ಇಲ್ಲದಿದ್ದರೆ ತುಣುಕಿನ ಸ್ವಿಚ್ಚಿನಿಂದ ಅಗೌಟಿ ಎಲ್ಲ ಕಡೆ ಶುರುವಾಗಿ ಇಲಿ ಹಳದಿಯಾಗುತ್ತದೆ, ದಪ್ಪ ಆಗುತ್ತದೆ. ಒಂದೇ ಸೂಲಿನ, ಒಂದೇ ಡಿಎನ್‌ಎ ಇರುವ ಮರಿಗಳಲ್ಲಿ ಇಷ್ಟು ವ್ಯತ್ಯಾಸ.

ಎರಡನೆಯದು, ನಾನು ಆಗಲೇ ಹೇಳಿದ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಡಿಡಿಯೆ ಟ್ರೋನೊ ಅವರ ತಂಡ 2017ರಲ್ಲಿ 200ಕ್ಕೂ ಹೆಚ್ಚು ಕ್ರ್ಯಾಬ್ ಪ್ರೋಟೀನ್‌ಗಳು ಜೀನೋಮಿನಲ್ಲಿ ಎಲ್ಲೆಲ್ಲಿ ಕೂರುತ್ತವೆ ಎಂದು ನಕ್ಷೆ ಮಾಡಿತು. ಬಹುಪಾಲು ಒಂದಲ್ಲ ಒಂದು ಜಿಗಿಯುವ ತುಣುಕಿನ ಮೇಲೇ ಕೂತಿದ್ದವು. ಆದರೆ ಅವುಗಳಲ್ಲಿ ಎಷ್ಟೋ ತುಣುಕುಗಳು ಜಿಗಿಯುವುದನ್ನು ಬಿಟ್ಟು ಯುಗಗಳೇ ಕಳೆದಿವೆ. ಕಾಯುವುದಕ್ಕೆ ಏನೂ ಉಳಿಯದಿದ್ದರೆ ಆ ಪ್ರೋಟೀನ್ ಕ್ರಮೇಣ ಕೆಟ್ಟುಹೋಗಬೇಕಿತ್ತು. ಕೆಟ್ಟಿಲ್ಲ. ಹಾಗಾದರೆ ಅದಕ್ಕೆ ಬೇರೆ ಏನೋ ಕೆಲಸ ಸಿಕ್ಕಿದೆ ಎಂದಾಯಿತು. ತುಣುಕು ಸ್ವಿಚ್ಚನ್ನು ತಂದಿತು, ಪ್ರೋಟೀನ್ ಆ ಸ್ವಿಚ್ಚನ್ನು ಯಾವ ಕೋಶದಲ್ಲಿ, ಯಾವಾಗ ಆರಿಸಿಡಬೇಕು ಎಂದು ತೀರ್ಮಾನಿಸುತ್ತದೆ. ಎರಡೂ ಸೇರಿದರೆ ಅದೇ ಒಂದು ನಿಯಂತ್ರಣ ವ್ಯವಸ್ಥೆ.

ತುಣುಕುಗಳು ನಿಜವಾಗಿ ಕೆಲಸಕ್ಕೆ ಬಂದದ್ದಕ್ಕೆ ಗಟ್ಟಿ ಉದಾಹರಣೆ ಮೆರ್41. ಇದೂ ಹಳೆಯ ರೆಟ್ರೋವೈರಸ್ ಪಳೆಯುಳಿಕೆ. ಸೋಂಕು ಬಂದಾಗ ಇಂಟರ್‌ಫೆರಾನ್ ಎಂಬ ರಕ್ಷಣಾ ಪ್ರೋಟೀನ್ ಕೊಡುವ ಸೂಚನೆಯನ್ನು ಇದು ಓದಬಲ್ಲದು. 2016ರಲ್ಲಿ ಎಐಎಂ2 ಎಂಬ ರೋಗನಿರೋಧಕ ಜೀನಿನ ಬಳಿಯಿದ್ದ ಮೆರ್41 ಪ್ರತಿಯನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿ ಬಳಸಿ ಕತ್ತರಿಸಿದರು. ಆಮೇಲೆ ಇಂಟರ್‌ಫೆರಾನ್ ಕೊಟ್ಟರೂ ಆ ಜೀನ್ ಸರಿಯಾಗಿ ಏಳಲಿಲ್ಲ. ವೈರಸ್‌ನ ಅವಶೇಷವೇ ವೈರಸ್ ವಿರುದ್ಧದ ಹೋರಾಟಕ್ಕೆ ಸ್ವಿಚ್ಚು!

ಪ್ರೋಟೀನ್ ಕಡೆಯಿಂದಲೂ ಉದಾಹರಣೆ ಇದೆ. ಇಲಿಯ ಜೆಡ್‌ಎಫ್‌ಪಿ568 ಎಂಬುದು ಐಜಿಎಫ್2 ಎಂಬ ಬೆಳವಣಿಗೆಯ ಜೀನಿನ ಒಂದು ಪ್ರೊಮೋಟರನ್ನು ಭ್ರೂಣದಲ್ಲಿ ಮುಚ್ಚಿಡುತ್ತದೆ. ಆ ಪ್ರೋಟೀನ್ ಇಲ್ಲದಿದ್ದರೆ ಭ್ರೂಣ ಬಹಳ ಬೇಗ ಸಾಯುತ್ತದೆ. ಐಜಿಎಫ್2 ಜೀನನ್ನೂ ತೆಗೆದರೆ ಆ ಹಂತ ದಾಟುತ್ತದೆ ಎಂದು 2017ರಲ್ಲಿ ತೋರಿಸಿದರು. ಇಲ್ಲಿ ತುಣುಕು ಅಡಗಿಸುವ ಮಾತೇ ಇಲ್ಲ, ಇದು ನೇರವಾಗಿ ಜೀನ್ ನಿಯಂತ್ರಣ. ಜೆಡ್‌ಎಫ್‌ಪಿ57 ಅಂತ ಇನ್ನೊಂದಿದೆ. ಕೆಲವು ಜೀನ್‌ಗಳಲ್ಲಿ ಅಪ್ಪನಿಂದ ಬಂದ ಪ್ರತಿ ಅಥವಾ ಅಮ್ಮನಿಂದ ಬಂದ ಪ್ರತಿ, ಎರಡರಲ್ಲಿ ಒಂದು ಮಾತ್ರ ನಡೆಯಬೇಕು. ಯಾವುದು ನಡೆಯಬೇಕು ಎಂದು ಹೇಳುವ ಗುರುತು ಎಳೆಯ ಭ್ರೂಣದಲ್ಲಿ ಅಳಿಸಿಹೋಗದಂತೆ ಇದು ಕಾಪಾಡುತ್ತದೆ. ಮನುಷ್ಯರಲ್ಲಿ ಇದು ಕೆಟ್ಟರೆ ಹುಟ್ಟಿದ ಕೂಸಿಗೆ ಕೆಲಕಾಲ ಮಧುಮೇಹ ಬರಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಈ ಕ್ಷೇತ್ರದಲ್ಲಿ ಉತ್ಸಾಹ ಸ್ವಲ್ಪ ಜಾಸ್ತಿಯೇ. ಪ್ರೋಟೀನ್ ಒಂದು ಕಡೆ ಕೂತಿದೆ ಅಂದ ಮಾತ್ರಕ್ಕೆ ಅಲ್ಲಿ ಏನೋ ಕೆಲಸ ನಡೆಯುತ್ತಿದೆ ಅಂತಲ್ಲ. ಸಾವಿರ ಪ್ರತಿಗಳ ಮೇಲೆ ಕೂತರೂ ಅದರಲ್ಲಿ ಜೀನನ್ನು ಬದಲಿಸುವುದು ಬೆರಳೆಣಿಕೆಯಷ್ಟೇ ಇರಬಹುದು. ಇಲಿಗಳಲ್ಲಿ ಕ್ರ್ಯಾಬ್ ಜೀನ್‌ಗಳ ದೊಡ್ಡದೊಂದು ಗುಂಪನ್ನೇ ತೆಗೆದುಹಾಕಿ ನೋಡಿದ್ದಾರೆ. ಹಲವು ರೆಟ್ರೋವೈರಸ್ ತುಣುಕುಗಳು ಎದ್ದವು, ಆದರೆ ಇಲಿಗಳು ಬದುಕಿದವು. ಕ್ಯಾಪ್-1 ಒಂದನ್ನೇ ತೆಗೆದರೆ ಮಾತ್ರ ಭ್ರೂಣ ಉಳಿಯುವುದಿಲ್ಲ. ಅಂದರೆ ಇಡೀ ವ್ಯವಸ್ಥೆ ಅನಿವಾರ್ಯ, ಅದರ ಬಿಡಿ ಸದಸ್ಯರಲ್ಲಿ ಹಲವರು ಅನಿವಾರ್ಯ ಅಲ್ಲ. ಯಾರಾದರೂ 'ಈ ತುಣುಕು ಆ ಜೀನನ್ನು ನಿಯಂತ್ರಿಸುತ್ತದೆ' ಎಂದರೆ ನಾನು ಕೇಳುವುದು ಒಂದೇ: ಆ ಪ್ರತಿಯನ್ನು ಕತ್ತರಿಸಿ ನೋಡಿದ್ದಾರಾ?

ಇದೆಲ್ಲ ಇಷ್ಟು ತಡವಾಗಿ ಗೊತ್ತಾಗಲು ನಮ್ಮ ಕಸುಬಿನವರ ಪಾಲೂ ಇದೆ. ಒಂದೇ ತರಹದ ಪ್ರತಿಗಳು ಸಾವಿರಾರು ಇದ್ದಾಗ, ಸೀಕ್ವೆನ್ಸಿಂಗ್‌ನಲ್ಲಿ (ಡಿಎನ್‌ಎ ಅಕ್ಷರಗಳನ್ನು ಓದುವಾಗ) ಸಿಕ್ಕ ಚಿಕ್ಕ ಚೂರು ಯಾವ ಪ್ರತಿಯದ್ದು ಎಂದು ಹೇಳುವುದು ಕಷ್ಟ. ಅಂಥ ಡೇಟಾವನ್ನು ಮೊದಲ ಹೆಜ್ಜೆಯಲ್ಲೇ ಎಸೆದುಬಿಡುವುದು ಬಹುಕಾಲ ರೂಢಿಯಾಗಿತ್ತು, ಈಗಲೂ ಎಷ್ಟೋ ಕಡೆ ಹಾಗೇ ಇದೆ. ನೀವು ಮುಂದೆ ಈ ವಿಷಯದ ಪ್ರಬಂಧ ಓದಿದರೆ ಮೊದಲು ಇದನ್ನು ಹೇಗೆ ನಿಭಾಯಿಸಿದ್ದಾರೆ ನೋಡಿ.

ಇನ್ನು ಔಷಧಿಯ ಪ್ರಶ್ನೆ. ಡಿಎನ್‌ಎ ಮೀಥೈಲ್ ತೆಗೆಯುವ ಅಜಾಸೈಟಿಡೀನ್‌ನಂಥ ಔಷಧಿಗಳು ಕೆಲವು ರಕ್ತದ ಕಾಯಿಲೆಗಳಿಗೆ ಮೊದಲಿಂದಲೂ ಬಳಕೆಯಲ್ಲಿವೆ. ಈ ಬಗೆಯ ಔಷಧಿ ಕ್ಯಾನ್ಸರ್ ಕೋಶದಲ್ಲಿ ಹಳೆಯ ರೆಟ್ರೋವೈರಸ್ ತುಣುಕುಗಳನ್ನು ಎಬ್ಬಿಸುತ್ತದೆ, ಅವುಗಳಿಂದ ಎರಡೆಳೆಯ ಆರ್‌ಎನ್‌ಎ ಬಂದು, ಕೋಶ ತನಗೆ ವೈರಸ್ ತಗುಲಿದೆ ಎಂದೇ ತಿಳಿದು ಇಂಟರ್‌ಫೆರಾನ್ ದಾರಿಯನ್ನು ಶುರುಮಾಡುತ್ತದೆ ಎಂದು 2015ರಲ್ಲಿ ಎರಡು ತಂಡಗಳು ತೋರಿಸಿದವು. ಆದರೆ ಇದು ಜೀನೋಮಿನ ಎಲ್ಲ ಕಡೆ ಒಟ್ಟಿಗೆ ಬೀಗ ಸಡಿಲಿಸುವ ದಾರಿ, ಆಯ್ಕೆ ಇಲ್ಲ.

ಆಯ್ಕೆ ಬೇಕಾದವರು ಪ್ರಕೃತಿಯ ಉಪಾಯವನ್ನೇ ಎರವಲು ಪಡೆದಿದ್ದಾರೆ. ಪ್ರಯೋಗಾಲಯಗಳಲ್ಲಿ ಜೀನ್ ಮುಚ್ಚಲು ಬಳಸುವ ಕ್ರಿಸ್ಪರ್ ಸಾಧನದಲ್ಲಿ ಕತ್ತರಿಸುವ ಶಕ್ತಿ ಕಳೆದ ಕ್ಯಾಸ್9 ಎಂಬ ಪ್ರೋಟೀನಿಗೆ ಅಂಟಿಸುವುದು ಇದೇ ಕ್ರ್ಯಾಬ್ ಭಾಗವನ್ನು. ಹಂಟಿಂಗ್ಟನ್ ಎಂಬ ಮೆದುಳಿನ ಆನುವಂಶಿಕ ಕಾಯಿಲೆಗೆ ಬೇಕಾದ ಹಾಗೆ ವಿನ್ಯಾಸ ಮಾಡಿದ ಜಿಂಕ್ ಫಿಂಗರ್‌ಗೆ ಕ್ರ್ಯಾಬ್ ಸೇರಿಸಿ, 2019ರಲ್ಲಿ ಇಲಿಗಳಲ್ಲೂ ರೋಗಿಗಳಿಂದ ಪಡೆದ ಕೋಶಗಳಲ್ಲೂ ಪ್ರಯೋಗ ಮಾಡಿದರು. ಕಾಯಿಲೆ ತರುವ ಜೀನಿನ ಕೆಟ್ಟ ಪ್ರತಿ ತಗ್ಗಿತು, ಅದೇ ಜೀನಿನ ಒಳ್ಳೆಯ ಪ್ರತಿ ಬಹುಮಟ್ಟಿಗೆ ಹಾಗೇ ಉಳಿಯಿತು. ಮೆದುಳಿನ ಆಳದಲ್ಲಿರುವ ಬೇಕಾದಷ್ಟು ಕೋಶಗಳಿಗೆ ಇದನ್ನು ತಲುಪಿಸುವುದೇ ಇದರ ದೊಡ್ಡ ತೊಡಕು.